ಕಾಮಿಕ್ಸ್ ಕಟ್ಟೆ: ಕಲ್ಲಿನ ಕಥೆ, ಚುಕ್ಕಿಯ ಚಿತ್ರ, ಬೂಷ್ಟು ಹಿಡಿದ ಫ್ಯಾಂಟಮ್

ಕಾಮಿಕ್ಸ್ ಬಗ್ಗೆ, ಅದರ ಸುತ್ತಮುತ್ತಲಿನ ಕಲೆ ಮತ್ತು ವಿನ್ಯಾಸದ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ಹಾಸನ, ಚಿಕ್ಕಮಗಳೂರು ಜಿಲ್ಲೆಯವರೇ ಜಾಸ್ತಿ ಬರೆದಿದ್ದಾರೆ. ಅದಕ್ಕೇ ಈ ಸಂಚಿಕೆಯ ಪುಟ ಪೂರ್ತಿ ಅವರದ್ದು.

ಪ್ರಶ್ನೆ: ನಾನು ಹಳೇಬೀಡಿನಲ್ಲಿ ಗೈಡ್ ಕೆಲಸ ಮಾಡುತ್ತೇನೆ. ದೇವಸ್ಥಾನದ ಗೋಡೆ ಮೇಲಿರೋ ರಾಮಾಯಣ, ಮಹಾಭಾರತದ ಸಾಲು ತೋರಿಸಿ "ಇದು 900 ವರ್ಷದ ಹಿಂದಿನ ಕಾಮಿಕ್ಸ್" ಅಂದರೆ ಕಾಲೇಜು ಹುಡುಗರು ಕಿವಿಗೊಟ್ಟು ಕೇಳುತ್ತಾರೆ. ಮೊನ್ನೆ ಒಬ್ಬ ಮೇಷ್ಟ್ರು, ಹಾಗೆಲ್ಲ ಹೇಳಬಾರದು, ಶಿಲ್ಪಕ್ಕೆ ಅವಮಾನ ಅಂದರು. ಹೇಳಬಹುದಾ?
(ಒಬ್ಬ ಗೈಡ್, ಹಳೇಬೀಡು)

ಉತ್ತರ: ಧಾರಾಳವಾಗಿ ಹೇಳಿ. ಅದರಲ್ಲಿ ಅವಮಾನ ಏನೂ ಇಲ್ಲ. ಯಾಕೆ ಹಾಗೆ ಹೇಳುತ್ತೀರಿ ಅನ್ನೋದನ್ನೂ ಜೊತೆಗೆ ತೋರಿಸಿ ಅಷ್ಟೇ.

ಕಾಮಿಕ್ಸಿನ ಜೀವ ಇರುವುದು ಎರಡು ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿ. ಒಂದು ಚೌಕದಲ್ಲಿ ಬಿಲ್ಲು ಎತ್ತಿದ್ದಾನೆ, ಮುಂದಿನ ಚೌಕದಲ್ಲಿ ಎದುರಿನವನು ಬಿದ್ದಿದ್ದಾನೆ. ಬಾಣ ಹೋಗಿದ್ದನ್ನು ಯಾರೂ ಬರೆದಿಲ್ಲ, ಓದುವ ನಾವೇ ಅದನ್ನು ಮನಸ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿದರು. ಅದರಲ್ಲಿ ಈಜಿಪ್ಟಿನ ಗೋಡೆ ಚಿತ್ರ, ಫ್ರಾನ್ಸಿನ ಬೇಯೊ ಊರಿನ ಉದ್ದನೆಯ ಕಸೂತಿ ಬಟ್ಟೆ, ಇವೆಲ್ಲವನ್ನೂ ಇದೇ ವಂಶಕ್ಕೆ ಸೇರಿಸುತ್ತಾರೆ. ಹೊಯ್ಸಳರ ಗೋಡೆಗೂ ಆ ಸಾಲಿನಲ್ಲಿ ಜಾಗ ಇದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನೀವು ದಿನಾ ನೋಡುವ ಗೋಡೆಯನ್ನೇ ತೆಗೆದುಕೊಳ್ಳಿ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಅದೆಲ್ಲ ಆದಮೇಲೆ ಕಥೆಯ ಪಟ್ಟಿ. ಒಬ್ಬನೇ ರಾಮ, ಒಬ್ಬನೇ ಅರ್ಜುನ ಮತ್ತೆ ಮತ್ತೆ ಬರುತ್ತಾರೆ, ನಾವು ಹೆಜ್ಜೆ ಹಾಕಿದ ಹಾಗೆ ಕಥೆಯ ಕಾಲ ಮುಂದೆ ಹೋಗುತ್ತದೆ. ಅಭಿಮನ್ಯುವಿನ ಚಕ್ರವ್ಯೂಹದ ಹತ್ತಿರ ಹುಡುಗರನ್ನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸಿ. ವ್ಯೂಹವನ್ನು ಆಕಾಶದಿಂದ ನೋಡಿದ ಹಾಗೆ ಸುತ್ತು ಸುತ್ತಾಗಿ ಕೆತ್ತಿದ್ದಾರೆ, ಒಳಗಿನ ಸೈನಿಕರನ್ನು ಮಾತ್ರ ಪಕ್ಕದಿಂದ ನೋಡಿದ ಹಾಗೆ ಕೆತ್ತಿದ್ದಾರೆ. ಒಂದೇ ಚಿತ್ರದಲ್ಲಿ ಎರಡು ನೋಟ. ಇವತ್ತು ಕಾಮಿಕ್ಸ್ ಬರೆಯುವವರು ಒಂದು ಊರಿನ ನಕ್ಷೆ ಬರೆದು ಅದರೊಳಗೇ ಪಾತ್ರಗಳನ್ನು ಓಡಾಡಿಸುವಾಗ ಮಾಡುವುದೂ ಇದನ್ನೇ.

ಮೇಷ್ಟ್ರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಗೋಡೆಯಲ್ಲಿ ಮಾತು ಬರೆದಿಲ್ಲ. ಕಥೆ ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಅಚ್ಚಾಗಿ ಸಾವಿರಾರು ಮನೆಗೆ ಹೋಗುವ ಅಗ್ಗದ ಪುಸ್ತಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು, ಅದನ್ನೂ ಹೇಳಿಬಿಡಿ.

ಇನ್ನೂ ಚೆನ್ನಾಗಿ ತೋರಿಸಬೇಕು ಅಂದರೆ ಹುಡುಗರನ್ನು ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಕಳಿಸಿ. 1196ರ ಅಮೃತೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ ಕಡೆ 70 ಫಲಕ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ಇಲ್ಲಿ ನಿಜಕ್ಕೂ ಒಂದೊಂದು ಘಟನೆಗೆ ಒಂದೊಂದು ಫಲಕ. ತುಂಬಾ ಜನ ಗಮನಿಸದ ವಿಷಯ ಇನ್ನೊಂದಿದೆ. ಹೊಯ್ಸಳರ ಗುಡಿಗಳಲ್ಲಿ ಸಾಮಾನ್ಯವಾಗಿ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತದೆ, ಇಲ್ಲಿ ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಹೋಗುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ಪ್ರದಕ್ಷಿಣೆಯ ಕಥೆ ಸಾಗುವುದು ಬಲದಿಂದ ಎಡಕ್ಕೆ, ಹಾಗೇ ಓದುವ ಜಪಾನಿನ ಮಾಂಗಾ ಕಾಮಿಕ್ಸ್ ಹಿಡಿದುಕೊಂಡು ಓಡಾಡುವ ಹುಡುಗರಿಗೆ ಇದನ್ನು ಹೇಳಿ ನೋಡಿ.

ಇನ್ನು ಹೆಸರಿನ ವಿಷಯ. ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವರ ಮಗ ಚಾವಣ ಬೇಲೂರಿನಲ್ಲಿ ತಮ್ಮ ಹೆಸರು ಕೆತ್ತಿದ್ದಾರೆ. ಅಮೃತಾಪುರದಲ್ಲಿ ಕೆಲಸ ಮಾಡಿದ ಮಲ್ಲಿತಮ್ಮ ಮುಂದೆ ಸೋಮನಾಥಪುರದಲ್ಲಿ ಶಿಲ್ಪಗಳ ಕೆಳಗೆ ತನ್ನ ಹೆಸರು ಬಿಟ್ಟುಹೋಗಿದ್ದಾನೆ. ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಡೊನಾಲ್ಡ್ ಡಕ್ ಕಾಮಿಕ್ಸನ್ನು ವರ್ಷಗಟ್ಟಲೆ ಬರೆದ ಕಾರ್ಲ್ ಬಾರ್ಕ್ಸ್ ಹೆಸರು ಪುಸ್ತಕದಲ್ಲಿ ಇರುತ್ತಿರಲಿಲ್ಲ. ಡಿಸ್ನಿ ಅಂತ ಮಾತ್ರ ಇರುತ್ತಿತ್ತು. ಗೆರೆ ನೋಡಿಯೇ ಗುರುತು ಹಿಡಿದ ಓದುಗರು ಅವರನ್ನು "ಆ ಒಳ್ಳೇ ಬಾತುಕೋಳಿ ಕಲಾವಿದ" ಅಂತ ಕರೆಯುತ್ತಿದ್ದರಂತೆ. ಕಾಮಿಕ್ಸ್ ಓದುವಾಗ ಬರೆದವರು ಯಾರು ಅಂತ ಹುಡುಕುವ ಅಭ್ಯಾಸ ನಮ್ಮ ಹುಡುಗರಿಗೆ ಬರಬೇಕು, ಅದನ್ನು ಶುರು ಮಾಡಿಸಲು ನಿಮ್ಮ ಗೋಡೆಗಿಂತ ಒಳ್ಳೆ ಜಾಗ ಸಿಗಲ್ಲ.

ಪ್ರಶ್ನೆ: ತಾತ ಕೊಟ್ಟ ಪುಸ್ತಕದಲ್ಲಿ ಫ್ಯಾಂಟಮ್ ಬಟ್ಟೆ ನೇರಳೆ. ಮೊಬೈಲಲ್ಲಿ ನೋಡಿದರೆ ಕೆಂಪು. ಯಾವುದು ಸರಿ? ಅವನ ಕಣ್ಣಲ್ಲಿ ಗುಡ್ಡೆ ಯಾಕಿಲ್ಲ?
(ಆರನೇ ಕ್ಲಾಸ್ ಹುಡುಗ, ಅರಸೀಕೆರೆ)

ಉತ್ತರ: ಪುಟ್ಟಾ, ಎರಡೂ ಸರಿ. 1936ರಲ್ಲಿ ಲೀ ಫಾಕ್ ಎಂಬ ಬರಹಗಾರರು ಫ್ಯಾಂಟಮ್ ಶುರು ಮಾಡಿದಾಗ ಅದು ಪತ್ರಿಕೆಯಲ್ಲಿ ಬರೀ ಕಪ್ಪು ಬಿಳುಪು. ಅವರ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ನೇರಳೆ ಬಂತು, ಅದೇ ನಿಂತಿತು. ಬೇರೆ ದೇಶದ ಪ್ರಕಾಶಕರು ತಮಗೆ ಬೇಕಾದ ಬಣ್ಣ ಹಾಕಿಕೊಂಡರು. ಇಟಲಿ, ಬ್ರೆಜಿಲ್‌ನಲ್ಲಿ ಕೆಂಪು. ಸ್ವೀಡನ್ನಿನಲ್ಲಿ ನೀಲಿ.

ಕಣ್ಣಿನ ಪ್ರಶ್ನೆ ತುಂಬಾ ಒಳ್ಳೆಯದು ಕೇಳಿದೀಯ. ಹಳೇ ಗ್ರೀಕ್ ಪ್ರತಿಮೆಗಳಿಗೆ ಕಣ್ಣುಗುಡ್ಡೆ ಕಾಣುವುದಿಲ್ಲ, ಅದರಿಂದ ಅವು ಒಂಥರಾ ಗಂಭೀರವಾಗಿ ಕಾಣುತ್ತವೆ, ಅದನ್ನು ನೋಡಿಯೇ ಹಾಗೆ ಮಾಡಿದೆ ಅಂತ ಫಾಕ್ ಹೇಳಿದ್ದರು. ಆಮೇಲೆ 1939ರಲ್ಲಿ ಬಂದ ಬ್ಯಾಟ್‌ಮ್ಯಾನಿಗೂ ಮುಖವಾಡದೊಳಗೆ ಬಿಳೀ ಕಣ್ಣೇ. ನೀನೇ ಒಂದು ಮುಖವಾಡ ಬರೆದು, ಒಂದು ಸಲ ಗುಡ್ಡೆ ಹಾಕಿ, ಇನ್ನೊಂದು ಸಲ ಹಾಕದೆ ನೋಡು. ತಾತನಿಗೂ ತೋರಿಸು.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾವು ಸಣ್ಣದೊಂದು ಕೆಫೆ ಮಾಡುತ್ತಿದ್ದೇವೆ. ಗೋಡೆಗೆ ಮುಖದ ತುಂಬ ಚುಕ್ಕಿ ಇರೋ, ಅಳುತ್ತಿರೋ ಹುಡುಗಿಯ ಕಾಮಿಕ್ಸ್ ಚಿತ್ರ ಬರೆಸೋಣ ಅಂತ ಪೇಂಟರ್ ಹೇಳುತ್ತಿದ್ದಾರೆ. ಎಲ್ಲ ಕಡೆ ಅದೇ ಕಾಣುತ್ತಲ್ಲ, ಅದು ಎಲ್ಲಿಂದ ಬಂತು?
(ಕೆಫೆ ನಡೆಸುವ ದಂಪತಿ, ಚಿಕ್ಕಮಗಳೂರು)

ಉತ್ತರ: ಆ ಚುಕ್ಕಿಗಳದ್ದು ಅಚ್ಚುಮನೆಯ ಕಥೆ. ಅಗ್ಗದ ಕಾಗದದ ಮೇಲೆ ಮೈಬಣ್ಣ ಬರಬೇಕು ಅಂದರೆ ಅದಕ್ಕೇ ಒಂದು ಬೇರೆ ಶಾಯಿ ಇಡುವುದು ದುಬಾರಿ. ಕೆಂಪು ಶಾಯಿಯನ್ನು ಸಣ್ಣ ಸಣ್ಣ ಚುಕ್ಕಿಯಾಗಿ ಒತ್ತಿದರೆ ಮಧ್ಯದ ಬಿಳಿ ಕಾಗದ ಸೇರಿಕೊಂಡು ದೂರದಿಂದ ಗುಲಾಬಿ ಅನಿಸುತ್ತದೆ. 1879ರಲ್ಲಿ ಅಮೆರಿಕದ ಬೆಂಜಮಿನ್ ಡೇ ಎಂಬ ಮುದ್ರಕರು ಈ ವಿಧಾನ ತಂದರು, ಅದಕ್ಕೇ ಅವನ್ನು ಬೆನ್‌ಡೇ ಚುಕ್ಕಿ ಅನ್ನುತ್ತಾರೆ.

1960ರ ದಶಕದಲ್ಲಿ ರಾಯ್ ಲಿಕ್ಟನ್‌ಸ್ಟೈನ್ ಎಂಬ ಚಿತ್ರಕಾರರು, ಅಳುವ ಹುಡುಗಿಯರದ್ದೂ ಸೇರಿ, ಕಾಮಿಕ್ಸಿನ ಒಂದೊಂದು ಚೌಕವನ್ನು ಆರಿಸಿ, ಗೋಡೆಯಷ್ಟು ದೊಡ್ಡದಾಗಿ, ಚುಕ್ಕಿ ಸಮೇತ ಕೈಯಲ್ಲಿ ಬರೆದರು. ಪಾಪ್ ಆರ್ಟ್ ಅಂದರೆ ಇವತ್ತು ಎಲ್ಲರಿಗೂ ನೆನಪಾಗುವುದು ಅದೇ. ಅವರ 1963ರ 'ವ್ಹಾಮ್!' ಎಂಬ ಯುದ್ಧವಿಮಾನದ ಚಿತ್ರ ಸುಮಾರು 4 ಮೀಟರ್ ಅಗಲ ಇದೆ, ಈಗ ಲಂಡನ್ನಿನ ಟೇಟ್ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಅದರ ಮೂಲ 1962ರ ಒಂದು ಯುದ್ಧ ಕಾಮಿಕ್ಸಿನ ಚೌಕ, ಬರೆದವರು ಇರ್ವ್ ನೋವಿಕ್. ಆಗ ಆ ಥರದ ಪುಸ್ತಕಕ್ಕೆ 12 ಸೆಂಟ್ ಬೆಲೆ. ಲಿಕ್ಟನ್‌ಸ್ಟೈನ್ ಅವರ ಇನ್ನೊಂದು ಚಿತ್ರ ನಂತರದ ಕಾಲದಲ್ಲಿ 16.5 ಕೋಟಿ ಡಾಲರಿಗೆ ಮಾರಾಟವಾಯಿತು ಅಂತ 2017ರಲ್ಲಿ ಸುದ್ದಿಯಾಗಿತ್ತು.

ಇದು ಕದ್ದಿದ್ದಾ ಅಲ್ವಾ ಅಂತ ಜಗಳ ಇನ್ನೂ ನಡೆಯುತ್ತಿದೆ. ನನ್ನ ಮಾತು ಹೇಳುತ್ತೇನೆ. ಲಿಕ್ಟನ್‌ಸ್ಟೈನ್ ಸುಮ್ನೆ ನಕಲು ಮಾಡಲಿಲ್ಲ. ಬೇಡದ್ದು ತೆಗೆದರು, ಗೆರೆ ದಪ್ಪ ಮಾಡಿದರು, ನಾವು ಎರಡು ಸೆಕೆಂಡಿನಲ್ಲಿ ತಿರುವಿ ಹಾಕುವ ಚೌಕದ ಮುಂದೆ ನಿಲ್ಲುವ ಹಾಗೆ ಮಾಡಿದರು. ಅದು ದೊಡ್ಡ ಕೆಲಸ. ಆದರೆ ಆ ಮುಖ, ಆ ಕಣ್ಣೀರು, ಆ ಚೌಕದೊಳಗೆ ವಿಮಾನ ಎಲ್ಲಿ ಇರಬೇಕು ಅನ್ನುವ ಲೆಕ್ಕ, ಇದೆಲ್ಲ ಪುಟಕ್ಕಿಷ್ಟು ಅಂತ ಕೂಲಿಗೆ ಬರೆಯುತ್ತಿದ್ದ ಕಲಾವಿದರದ್ದು. ನೋವಿಕ್, ಟೋನಿ ಅಬ್ರುಝೋ ಇಂಥವರ ಹೆಸರು ಚಿತ್ರದ ಪಕ್ಕದಲ್ಲೇ ಇರಬೇಕಿತ್ತು. ಇರಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟದ ವಿಷಯ.

ನಿಮ್ಮ ಕೆಫೆ ಗೋಡೆಗೆ ಬರುತ್ತೇನೆ. ಅಳುವ ಹುಡುಗಿ ಬೇಡ, ದಯವಿಟ್ಟು. ಅದನ್ನು ನೋಡಲು ಯಾರೂ ಚಿಕ್ಕಮಗಳೂರಿಗೆ ಬರಬೇಕಾಗಿಲ್ಲ. ಚುಕ್ಕಿ, ದಪ್ಪ ಗೆರೆ, ಮಾತಿನ ಬಲೂನು ಇವನ್ನೇ ಇಟ್ಟುಕೊಂಡು ನಿಮ್ಮ ಊರಿನದ್ದು ಬರೆಸಿ. ಕೊಯ್ಲಿನ ಕಾಲದ ಕಾಫಿ ಕಣ, ಮುಳ್ಳಯ್ಯನಗಿರಿ ತಿರುವಿನಲ್ಲಿ ಮಂಜಿನೊಳಗೆ ನಿಂತ ಜೀಪು, ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಹೋಗುವ ಹೆಂಗಸರು. ಕಾಫಿ ಹಣ್ಣಿನ ಕೆಂಪಿಗೆ ಆ ಚುಕ್ಕಿ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ! ಪೇಂಟರಿಗೆ ಸರಿಯಾದ ದುಡ್ಡು ಕೊಡಿ, ಮೂಲೆಯಲ್ಲಿ ಅವರ ಹೆಸರು ಬರೆಸಿ.

ಪ್ರಶ್ನೆ: ನಮ್ಮ ತೋಟದ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ಒಂದು ಟ್ರಂಕು ಸಿಕ್ಕಿತು. ತುಂಬ ಇಂದ್ರಜಾಲ ಕಾಮಿಕ್ಸ್, ಫ್ಯಾಂಟಮ್, ಮಾಂಡ್ರೇಕ್, ಬಹದ್ದೂರ್. ಅರ್ಧಕ್ಕರ್ಧ ಬೂಷ್ಟು ಹಿಡಿದಿದೆ, ಪಿನ್ನು ತುಕ್ಕು ಹಿಡಿದಿದೆ. ಉಳಿಸಿಕೊಳ್ಳೋದು ಹೇಗೆ?
(ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ಮೊದಲು ಒಂದು ಮಾತು, ಅವನ್ನು ಕಣಕ್ಕೆ ಹಾಕಿ ಬಿಸಿಲಲ್ಲಿ ಒಣಗಿಸಬೇಡಿ. ಮಲೆನಾಡಿನವರಿಗೆ ಮೊದಲು ಹೊಳೆಯುವುದೇ ಅದು, ಗೊತ್ತು. ಆದರೆ ಬಿಸಿಲಿಗೆ ಬಣ್ಣ ಹೋಗುತ್ತದೆ, ಕಾಗದ ಹಪ್ಪಳದ ಹಾಗೆ ಮುರಿಯಲು ಶುರುವಾಗುತ್ತದೆ.

ಇಂದ್ರಜಾಲ ಬಂದದ್ದು 1964ರಿಂದ 1990ರವರೆಗೆ, ಕನ್ನಡದಲ್ಲೂ ಬಂತು. ಆ ಥರದ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಾಗ ಅದು ಹಳದಿಯಾಗಿ ಆಮ್ಲ ಬಿಡುತ್ತದೆ. ಇದನ್ನು ಪೂರ್ತಿ ನಿಲ್ಲಿಸಲು ಮನೆಯಲ್ಲಿ ಆಗಲ್ಲ. ನಿಧಾನ ಮಾಡಬಹುದು.

ಬೂಷ್ಟು ಹಿಡಿದವನ್ನು ಬೇರೆ ಮಾಡಿ, ಇಲ್ಲದಿದ್ದರೆ ಚೆನ್ನಾಗಿರುವವಕ್ಕೂ ಹರಡುತ್ತದೆ. ಮಳೆಗಾಲ ಮುಗಿದು ಗಾಳಿ ಒಣಗಿರುವಾಗ ನೆರಳಿನಲ್ಲಿ, ಫ್ಯಾನ್ ಗಾಳಿ ನೇರವಾಗಿ ಬಡಿಯದ ಹಾಗೆ, ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿಡಿ. ಪೂರ್ತಿ ಒಣಗಿದ ಮೇಲೆ ಜಗಲಿಗೋ ಅಂಗಳಕ್ಕೋ ತಂದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉದುರಿಸಿ. ಹಸಿ ಇರುವಾಗ ಉಜ್ಜಿದರೆ ಬೂಷ್ಟು ಕಾಗದದ ಒಳಗೇ ಇಳಿದುಬಿಡುತ್ತದೆ. ಒದ್ದೆ ಬಟ್ಟೆ ಮುಟ್ಟಿಸಲೇ ಬೇಡಿ. ತುಕ್ಕು ಹಿಡಿದ ಪಿನ್ನನ್ನು ನಡುಪುಟದ ಕಡೆಯಿಂದ ಮೆಲ್ಲಗೆ ಬಿಡಿಸಿ ತೆಗೆಯಿರಿ, ಅದೇ ತೂತಿನಲ್ಲಿ ಬಿಳೀ ಹತ್ತಿ ದಾರ ಪೋಣಿಸಿ ಸಡಿಲವಾಗಿ ಕಟ್ಟಿದರೆ ಸಾಕು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವು ವರ್ಷದಲ್ಲಿ ಟೇಪು ಉದುರುತ್ತದೆ, ಅಂಟಿನ ಕಂದು ಕಲೆ ಉಳಿಯುತ್ತದೆ, ಅದು ಹರಿದದ್ದಕ್ಕಿಂತ ಕೆಟ್ಟದು.

ಆಮೇಲೆ ಇಡುವ ಜಾಗ. ಅಟ್ಟ ಬೇಡ, ಒಲೆಯ ಹೊಗೆ ಮಸಿ ಕಾಗದಕ್ಕೆ ಒಳ್ಳೆಯದಲ್ಲ. ಹೊರಗೋಡೆಗೆ ತಾಗಿದ ಬೀರುವೂ ಬೇಡ, ಜೂನ್ ಜುಲೈಯಲ್ಲಿ ನಿಮ್ಮ ಕಡೆ ಗೋಡೆಯೇ ಬೆವರುತ್ತದೆ. ಮನೆಯ ಒಳಗೋಡೆಯ ಕಪಾಟಿನಲ್ಲಿ ಮಲಗಿಸಿ ಇಡಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಅದನ್ನು ಬದಲಿಸುತ್ತಿರಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ. ಒಂದೊಂದು ಪುಟದ ಫೋಟೋ ತೆಗೆದು ಮನೆಮಟ್ಟಿಗೆ ಇಟ್ಟುಕೊಳ್ಳಿ, ಓದಲು ಅದನ್ನೇ ಬಳಸಿ.

ಟ್ರಂಕಿನಲ್ಲಿರುವ ಬಹದ್ದೂರ್ ಪುಸ್ತಕಗಳನ್ನು ಮೊದಲು ಉಳಿಸಿ ಅಂತ ನನ್ನ ಆಸೆ. 1976ರಲ್ಲಿ ಆಬಿದ್ ಸೂರ್ತಿ ಸೃಷ್ಟಿಸಿದ ಪಾತ್ರ, ಗೋವಿಂದ್ ಬ್ರಹ್ಮಾಣಿಯಾ ಬರೆದ ಚಿತ್ರಗಳು. ಮೈಗಂಟಿದ ಬಟ್ಟೆ, ಮುಖವಾಡ ಏನೂ ಇಲ್ಲದೆ ಕೇಸರಿ ಕುರ್ತಾ, ನೀಲಿ ಜೀನ್ಸ್ ಹಾಕಿಕೊಂಡ ನಾಯಕ. ಆ ಕಾಲದ ನಮ್ಮ ಕಾಲೇಜು ಹುಡುಗರ ಥರವೇ ಇದ್ದ. ಒಂದು ಪಾತ್ರದ ಬಟ್ಟೆ ವಿನ್ಯಾಸ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ ಅಂತ ಯಾರೋ ಹೇಳಿದರು. ನಿಜವೇ? ಮೊಮ್ಮಕ್ಕಳಿಗೆ ಕೊಡಿಸಬಹುದಾ?
(ನಿವೃತ್ತ ಶಿಕ್ಷಕಿ, ಹೊಳೆನರಸೀಪುರ)

ಉತ್ತರ: ಹೌದು ಮೇಡಂ. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಪುಸ್ತಕಗಳನ್ನು ಮಾರುತ್ತಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ 1965ರಲ್ಲಿ ಮೊದಲ ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಸಿಂಡರೆಲಾ ಥರದ ಹೊರಗಿನ ಕಥೆಗಳು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಿಂದ ನಮ್ಮ ಪುರಾಣ, ಇತಿಹಾಸದ ಕಡೆ ಸರಣಿಯನ್ನು ತಿರುಗಿಸಿದರು. ಇಂಗ್ಲಿಷಿನ 'ಕೃಷ್ಣ' ಪುಸ್ತಕಕ್ಕೆ 11ನೇ ನಂಬರು ಇರುವುದು, ಮೊದಲ ಹತ್ತು ಕನ್ನಡದಲ್ಲಿ ಆಗಿಹೋಗಿದ್ದರಿಂದ.

ಆ 'ಕೃಷ್ಣ' ಪುಸ್ತಕದ ಚಿತ್ರ ಬರೆದವರು ರಾಮ್ ವಾಯೀರ್‌ಕರ್. ಮಕ್ಕಳ ಪತ್ರಿಕೆ ಟಿಂಕಲ್‌ನಲ್ಲಿ ಸುಪ್ಪಾಂಡಿಯ ಚಿತ್ರ ಬರೆದದ್ದೂ ಅದೇ ಕೈ. ದೇವರ ಮೈಕಟ್ಟು ಒಂದು ಕಡೆ, ಉದ್ದ ತಲೆಯ ಪೆದ್ದ ಹುಡುಗ ಇನ್ನೊಂದು ಕಡೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮೊಮ್ಮಕ್ಕಳಿಗೆ ತೋರಿಸಿ.

ಕೊಡಿಸಿ, ಆದರೆ ಜೊತೆಗೆ ಕೂತು ಓದಿ. ಈ ಪುಸ್ತಕಗಳ ದೇವರು, ರಾಣಿಯರು ರವಿವರ್ಮನ ಅಚ್ಚಿನ ಚಿತ್ರಗಳ, ಕ್ಯಾಲೆಂಡರ್ ಚಿತ್ರಗಳ ದಾರಿಯಲ್ಲಿ ಬಂದವರು. ನಮ್ಮ ತಲೆಯಲ್ಲಿ ರಾಮ, ದ್ರೌಪದಿ ಹೀಗೇ ಇದ್ದರು ಅಂತ ಕೂತುಬಿಟ್ಟಿದ್ದರೆ ಅದಕ್ಕೆ ಇವು ದೊಡ್ಡ ಕಾರಣ. ಹಳೇ ಪುಸ್ತಕಗಳಲ್ಲಿ ರಾಕ್ಷಸರು ಕಪ್ಪಗೆ, ಒಳ್ಳೆಯವರು ಬೆಳ್ಳಗೆ ಇರುವುದು ಜಾಸ್ತಿ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ, ಆ ಬಗ್ಗೆ ಅವರ ಹತ್ತಿರ ಬಿಚ್ಚಿ ಮಾತಾಡಿ.

ಪ್ರಶ್ನೆ: ನಾನು ಎರಡನೇ ಪಿಯುಸಿ. ಮಾಂಗಾ ಬರೆಯೋದೇ ನನ್ನ ಜೀವ. ಅಪ್ಪ ಅಮ್ಮ ಅದರಿಂದ ಹೊಟ್ಟೆ ತುಂಬಲ್ಲ ಅಂತಾರೆ. ಏನು ಓದಲಿ?
(ವಿದ್ಯಾರ್ಥಿನಿ, ಕಡೂರು)

ಉತ್ತರ: ಅಪ್ಪ ಅಮ್ಮನ ಭಯ ಸುಳ್ಳಲ್ಲ. ಬರೀ ಸ್ವಂತ ಕಾಮಿಕ್ಸ್ ಮಾರಿ ಸಂಸಾರ ನಡೆಸುವವರು ನಮ್ಮಲ್ಲಿ ಕಡಿಮೆ. ಆದರೆ ಕಾಮಿಕ್ಸ್ ಕೈಗೆ ಹತ್ತಿದವರಿಗೆ ಪಠ್ಯಪುಸ್ತಕದ ಚಿತ್ರ, ಜಾಹೀರಾತು, ಗೇಮ್, ಅನಿಮೇಷನ್, ಸಿನಿಮಾದ ಸ್ಟೋರಿಬೋರ್ಡ್ ಕೆಲಸಗಳಿವೆ. ಸ್ಟೋರಿಬೋರ್ಡ್ ಅಂದರೆ ಶೂಟಿಂಗಿಗೆ ಮೊದಲು ಶಾಟುಗಳನ್ನು ಚೌಕದಲ್ಲಿ ಬರೆದಿಡುವುದು, ನೀನು ಈಗ ಮಾಡುತ್ತಿರುವುದಕ್ಕೆ ತುಂಬಾ ಹತ್ತಿರ.

ಮೈಸೂರಿನ ಕಾವಾ ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಎರಡರಲ್ಲೂ ಪದವಿ ಇದೆ. ವಿನ್ಯಾಸದ ಕಡೆ ಹೋಗಬೇಕಾದರೆ ಎನ್‌ಐಡಿ ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶ ಪರೀಕ್ಷೆ, ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿಗೆ ಯುಸೀಡ್ ಪರೀಕ್ಷೆ. ಸೈನ್ಸೇ ಓದಿರಬೇಕು ಅಂತಿಲ್ಲ. ಅಲ್ಲಿ ನೋಡುವುದು ನೀನು ಗಮನಿಸಿ ಬರೆಯಬಲ್ಲೆಯಾ ಅಂತ. ಅದಕ್ಕೇ ದೊಡ್ಡ ಕಣ್ಣಿನ ಮುಖಗಳನ್ನೇ ನಕಲು ಮಾಡುತ್ತಾ ಕೂರಬೇಡ. ಆ ದೊಡ್ಡ ಕಣ್ಣನ್ನು ಮಾಂಗಾಕ್ಕೆ ತಂದ ಒಸಾಮು ತೆಜುಕಾ ವೈದ್ಯಕೀಯ ಓದಿದವರು, ಡಿಸ್ನಿಯಿಂದ ಕಲಿತವರು, ಬುದ್ಧನ ಜೀವನದ ಬಗ್ಗೆಯೂ ವರ್ಷಗಟ್ಟಲೆ ಮಾಂಗಾ ಬರೆದವರು. ಎಲ್ಲ ಕಡೆಯಿಂದ ತೆಗೆದುಕೊಂಡರು. ನೀನು ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಜನ ಹೇಗೆ ನಿಲ್ಲುತ್ತಾರೆ, ಚೀಲ ಹೇಗೆ ಹಿಡಿಯುತ್ತಾರೆ ಅಂತ ಬರೆ.

ಬೆಂಗಳೂರಿಗೆ ಹೋದಾಗ ಅಪ್ಪ ಅಮ್ಮನನ್ನು ಟ್ರಿನಿಟಿ ಸರ್ಕಲ್ ಹತ್ತಿರದ ಭಾರತೀಯ ವ್ಯಂಗ್ಯಚಿತ್ರ ಗ್ಯಾಲರಿಗೆ ಕರೆದುಕೊಂಡು ಹೋಗು. 1992ರಲ್ಲಿ ಆರ್ಟ್ ಸ್ಪೀಗಲ್‌ಮನ್ ಎಂಬ ಕಲಾವಿದರ 'ಮೌಸ್' ಎಂಬ ಕಾಮಿಕ್ಸಿಗೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು ಅನ್ನುವುದನ್ನೂ ಹೇಳು.

ಪ್ರಶ್ನೆ: ನಮ್ಮ ಶಾಲೆ ಮಕ್ಕಳು ಆನೆ ತೋಟಕ್ಕೆ ಬಂದ ಕಥೆಯನ್ನು ಕಾಮಿಕ್ಸ್ ಮಾಡುತ್ತಿದ್ದಾರೆ. ಚಿತ್ರ ಚೆನ್ನಾಗಿದೆ, ಆದರೆ ಕನ್ನಡ ಮಾತು ಬಲೂನಿನೊಳಗೆ ಹಿಡಿಯುತ್ತಲೇ ಇಲ್ಲ. ಕಂಪ್ಯೂಟರಿನಲ್ಲಿ ಟೈಪ್ ಮಾಡೋಣವೇ?
(ಶಿಕ್ಷಕರು, ಮೂಡಿಗೆರೆ)

ಉತ್ತರ: ಇದು ಕನ್ನಡದಲ್ಲಿ ಕಾಮಿಕ್ಸ್ ಮಾಡುವ ಎಲ್ಲರ ಕಷ್ಟ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಸಾಮಾನ್ಯವಾಗಿ ಎಲ್ಲ ದೊಡ್ಡಕ್ಷರ, ಎಲ್ಲದರ ಎತ್ತರ ಒಂದೇ, ಸಾಲಿನ ಮೇಲೆ ಸಾಲು ಒತ್ತಾಗಿ ಕೂರುತ್ತದೆ. ನಮ್ಮಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಮೊದಲು ಪೆನ್ಸಿಲಿನಲ್ಲಿ ಮಾತು ಬರೆಸಿ, ಸಾಲುಗಳ ನಡುವೆ ಒಂದು ಅಕ್ಷರದಷ್ಟು ಜಾಗ ಬಿಡಿಸಿ, ಅದರ ಸುತ್ತ ಬಲೂನು, ಆಮೇಲೆ ಉಳಿದ ಜಾಗಕ್ಕೆ ಚಿತ್ರ. ಮಕ್ಕಳು ಮಾಡುವುದು ಯಾವಾಗಲೂ ಇದರ ಉಲ್ಟಾ. ಮೊದಲು ಮಾತಾಡುವವರು ಎಡಕ್ಕೆ, ಸ್ವಲ್ಪ ಮೇಲೆ ಇರಲಿ. ಚಿತ್ರದಲ್ಲಿ ಆನೆ ಕಾಣುತ್ತಿರುವಾಗ "ನೋಡು, ಅಲ್ಲಿ ಒಂದು ಆನೆ ಬರುತ್ತಿದೆ" ಅಂತ ಬರೆಯಬೇಕಾಗಿಲ್ಲ, "ಓಡೋ!" ಸಾಕು. ಮಾತು ಮೂಡಿಗೆರೆ ಕಡೆಯ ಮಾತೇ ಇರಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ.

ಬಲೂನು ಗುಂಡಗೇ ಇರಬೇಕು ಅಂತೇನಿಲ್ಲ. ಮಧ್ಯಪ್ರದೇಶದ ಪರಧಾನ್ ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಅಂಬೇಡ್ಕರ್ ಜೀವನದ ಬಗ್ಗೆ 2011ರಲ್ಲಿ ಬಂದ 'ಭೀಮಾಯಣ' ಪುಸ್ತಕದಲ್ಲಿ ಮೆತ್ತನೆಯ ಮಾತಿಗೆ ಹಕ್ಕಿಯ ಆಕಾರ, ವಿಷದ ಮಾತಿಗೆ ಚೇಳಿನ ಬಾಲ ಇಟ್ಟರು. ನೇರ ಗೆರೆಯ ಚೌಕಗಳನ್ನೇ ಬಿಟ್ಟರು. ನಿಮ್ಮ ಮಕ್ಕಳಿಗೆ ಅದರ ಪುಟ ತೋರಿಸಿ, ಆನೆಯನ್ನು ಅಟ್ಟುವ ಕೂಗು ಯಾವ ಆಕಾರ ಆಗಬಹುದು ಅಂತ ಕೇಳಿ.

ಟೈಪ್ ಬೇಡ, ಕೈಬರಹ ಇರಲಿ. ಅಚ್ಚು ಹಾಕಿಸಲು ಪ್ರೆಸ್ಸೂ ಬೇಡ. ಒಂದು ಎ4 ಹಾಳೆಯನ್ನು ಎಂಟು ಭಾಗಕ್ಕೆ ಮಡಿಚಿ ನಡುವೆ ಒಂದು ಕತ್ತರಿ ಹಾಕಿದರೆ 8 ಪುಟದ ಪುಸ್ತಕ, ಪಿನ್ನೂ ಬೇಕಾಗಿಲ್ಲ. ಒಂದು ಬದಿ ಜೆರಾಕ್ಸ್ ಸಾಕು, ಕ್ಲಾಸಿನವರಿಗೆಲ್ಲ ಹಂಚಬಹುದು.

ಪ್ರಶ್ನೆ: ಡಿಟಿಪಿ ಅಂಗಡಿ ನಮ್ಮದು. ಕಾಮಿಕ್ ಸಾನ್ಸ್ ಅಕ್ಷರಕ್ಕೂ ಕಾಮಿಕ್ಸಿಗೂ ನಿಜವಾಗಿ ಸಂಬಂಧ ಇದೆಯಾ? ಕನ್ನಡದಲ್ಲಿ ಆ ಥರದ್ದು ಇದೆಯಾ?
(ಅಂಗಡಿ ಮಾಲೀಕರು, ಹಾಸನ)

ಉತ್ತರ: ಇದೆ. 1994ರಲ್ಲಿ ಮೈಕ್ರೋಸಾಫ್ಟಿನ ವಿನ್ಸೆಂಟ್ ಕೊನಾರ್, ಕಂಪ್ಯೂಟರಿನಲ್ಲಿ ಒಂದು ಕಾರ್ಟೂನ್ ನಾಯಿ ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿ ಮಾತಾಡುವುದನ್ನು ನೋಡಿ, ಇದು ಸರಿಯಲ್ಲ ಅನಿಸಿ, ಕಚೇರಿಯಲ್ಲಿದ್ದ ಬ್ಯಾಟ್‌ಮ್ಯಾನ್, ವಾಚ್‌ಮೆನ್ ಕಾಮಿಕ್ಸಿನ ಕೈಬರಹ ನೋಡಿ ಅದನ್ನು ಮಾಡಿದರು. ಮಕ್ಕಳ ಹುಟ್ಟುಹಬ್ಬಕ್ಕೆ ಬಳಸಿ, ಶ್ರದ್ಧಾಂಜಲಿ ಬ್ಯಾನರಿಗೆ ಬೇಡ. ಕನ್ನಡದಲ್ಲಿ ಗುಂಡಗಿನ, ದಪ್ಪ, ಸ್ನೇಹದ ಅಕ್ಷರ ಬೇಕಾದರೆ ಬಲೂ ತಮ್ಮ ಎಂಬ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬೋರ್ಡಿಗೆ, ಶೀರ್ಷಿಕೆಗೆ ತುಂಬಾ ಚೆನ್ನ. ಸಣ್ಣ ಅಕ್ಷರದ ಉದ್ದ ಬರಹಕ್ಕೆ ಮಾತ್ರ ಅದನ್ನು ಹಾಕಬೇಡಿ, ಒತ್ತಕ್ಷರದ ಒಳಗಿನ ಜಾಗ ತುಂಬಿಕೊಂಡು ಓದಲು ಕಷ್ಟವಾಗುತ್ತದೆ.